‘ಬರ್ತೀನಿ’ ಅಂದರೆ ಎಷ್ಟು ಗಂಟೆಗೆ?

ಮಧ್ವೇಶ ವಿಜಯನಗರದ ಆಫೀಸಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ನಿನ್ನೆಯಷ್ಟೇ ಕೆಲಸ ಬಿಟ್ಟವನು ಹೀಗೆ ಓಡಿಬರುವುದು ಮರ್ಯಾದೆಯಲ್ಲ. ಆದರೆ ತಾನು ಬರೆದ ಪ್ರೋಗ್ರಾಂ ಇನ್ನಷ್ಟು ಮಾನ ಕಳೆಯುವ ಮೊದಲು ಸರಿಮಾಡಬೇಕಿತ್ತು.

ಹಲ್ಲಿನ ಡಾಕ್ಟರಿಗೆ ಬರುವ ಮೆಸೇಜು ಓದಿ, ದಿನ, ಹೊತ್ತು ಹೆಕ್ಕಿ, ಉತ್ತರ ಕೊಡುವ ಪ್ರೋಗ್ರಾಂ ಅದು. ‘ನಾಡಿದ್ದು ಸಂಜೆ’ ಎಂದರೂ ಅದಕ್ಕೆ ತಿಳಿಯುತ್ತಿತ್ತು. ಕೈಕೊಟ್ಟದ್ದು ‘ಬರ್ತೀನಿ’. ನಮ್ಮ ಜನ ಹೋಗುವಾಗಲೂ ಬರ್ತೀನಿ ಎನ್ನುವವರಲ್ಲವೇ? “ನೋವು ಹೋಯ್ತು ಡಾಕ್ಟ್ರೇ, ಬರ್ತೀನಿ” ಎಂದ ಪಟಾಲಮ್ಮನವರಿಗೆ ಅದು, “ನಾಳೆ ಹತ್ತಕ್ಕೆ ತಮಗಾಗಿ ಕಾಯುತ್ತೇವೆ” ಎಂದು ಉತ್ತರಿಸಿತ್ತು. ಪಾಪ, ಆಯಮ್ಮ ಬಂದು ಕೂತೂ ಇದ್ದರು. ಹೊತ್ತು ಹೇಳದಿದ್ದರೆ ನಾಳೆ ಹತ್ತು ಎಂದು ಹಿಡಿಯುವಂತೆ ಬರೆದವನು ಮಧ್ವೇಶನೇ.

ತಪ್ಪು ಹಿಡಿದವಳು, ಬಂದ-ಹೋದ ಮೆಸೇಜುಗಳನ್ನೆಲ್ಲ ಓದಿ ಪ್ರೋಗ್ರಾಂ ಪರೀಕ್ಷೆ ಮಾಡುವ ಗದಗಿನ ಚೇತನಾ. ತಪ್ಪು ಸಿಕ್ಕಾಗ ಅವಳು ನಗುವುದನ್ನು ನೋಡಲೆಂದೇ ಮಧ್ವೇಶ ಒಂದೆರಡು ತಪ್ಪು ಉಳಿಸುತ್ತಾನೆಂದು ಆಫೀಸಿನಲ್ಲಿ ಗುಸುಗುಸು. ಸುಳ್ಳೇನಲ್ಲ. ಆದರೆ ಅವಳಿಗೆ ಹೇಳಬೇಕಾದ ಮಾತನ್ನು ಮಾತ್ರ ಕೊನೆಯ ದಿನವೂ ಹೇಳದೆ ಹೊರಟ. ಕೆಂಗೇರಿಯ ಮನೆಗೆ ಮೆಟ್ರೋ ಹತ್ತಿದವನು, ಸಂಕಟ ತಡೆಯದೆ, ಆ ಪ್ರೋಗ್ರಾಮಿನ ನಂಬರಿಗೇ ಒಂದು ಪದ ಕಳಿಸಿದ: “ಬರ್ತೀನಿ.”

ಉತ್ತರ ಬರುವಷ್ಟರಲ್ಲಿ ಎರಡು ಸ್ಟೇಷನ್ ದಾಟಿತ್ತು. ನೆಟ್‌ವರ್ಕಿಗೆ ಬೈದುಕೊಂಡು ಓದಿದ: “ನಾಳೆ ಹತ್ತಕ್ಕೆ ತಮಗಾಗಿ ಕಾಯುತ್ತೇನೆ.”

ಒಳಗೆ ಚೇತನಾ ಒಬ್ಬಳೇ ಇದ್ದಳು. ಹನ್ನೊಂದಕ್ಕೆ ಮೊದಲು ಎಂದೂ ಬಾರದವಳ ಮೇಜಿನ ಮೇಲೆ ಎರಡು ಲೋಟ ಚಹಾ.

“ನೋಡಿ, ನನಗೂ ಹತ್ತಕ್ಕೆ ಬಾ ಅಂತು ನಿಮ್ಮ ಪ್ರೋಗ್ರಾಂ. ಐದು ನಿಮಿಷ, ಸರಿ ಮಾಡಿ ಹೊರಟುಬಿಡ್ತೀನಿ.”

“ಮಾಡ್ರಿ. ಅವಸರೇನೈತಿ?”

ಅವನು ಕೂತು ‘ಬರ್ತೀನಿ’ ಎಂದು ಟೈಪಿಸಿದ. “ಹೋಗಿ ಬನ್ನಿ, ಶುಭವಾಗಲಿ” ಎಂದಿತು ಪ್ರೋಗ್ರಾಂ. ಮತ್ತೆ ಟೈಪಿಸಿದ. ಅದೇ ಉತ್ತರ.

“ಇದು ಸರಿಯಾಗೇ ಇದೆಯಲ್ರೀ!”

“ನಿನ್ನೆ ಮಧ್ಯಾಹ್ನನ ಸರಿ ಮಾಡೇನ್ರಿ. ನೀವು ಹೋಗೂಕಿಂತ ಮದ್ಲ.”

“ಮತ್ತೆ ನನಗೆ ಬಂದಿದ್ದು?”

ಚೇತನಾಳ ಕಿವಿ ಕೆಂಪಾಯಿತು. ಒಂದು ಲೋಟವನ್ನು ಅವನತ್ತ ಸರಿಸಿದಳು. “ಇನ್ನೊಂದ್ಸಲ ಓದ್ರಿ. ತಪ್ಪು ಹುಡುಕೂದು ನಾನೊಬ್ಬಾಕಿನ ಮಾಡ್ಬೇಕೇನು?”

ಅವನು ಮೊಬೈಲ್ ತೆಗೆದ.

ಪ್ರೋಗ್ರಾಂ ಎಲ್ಲರಿಗೂ ಹೇಳುತ್ತಿದ್ದುದು ‘ಕಾಯುತ್ತೇವೆ’. ಅವನಿಗೆ ಬಂದದ್ದು ‘ಕಾಯುತ್ತೇನೆ’.