ಪಾಲಯ್ಯನ ದೇವರ ಎತ್ತು

ಆ ಹುಲ್ಲುಗಾವಲಿನ ಸೀಮೆಯಲ್ಲಿ ಜನಕ್ಕಿಂತ ದನವೇ ಹೆಚ್ಚು. ಅಷ್ಟು ದನಗಳ ಪೈಕಿ ಮೈತುಂಬಿಕೊಂಡಿದ್ದುದು ಪಾಲಯ್ಯನ ಎತ್ತು ಒಂದೇ. ಅದು ಮೇಯುತ್ತಿದ್ದುದು ಓಬಕ್ಕನ ಸಜ್ಜೆ ಹೊಲದಲ್ಲಿ.

ಓಬಕ್ಕ ಕೋಲು ಹಿಡಿದು ಪಾಲಯ್ಯನ ಅಂಗಳಕ್ಕೇ ಬಂದಳು. "ನಿನ್ನ ಎತ್ತು ಅರ್ಧ ಹೊಲ ನುಂಗೈತೆ. ಏನು ಕೊಡ್ತೀಯ?"

ಕೊಡುವ ಮಾತು ಬಂದರೆ ಪಾಲಯ್ಯನಿಗೆ ಎಲ್ಲಿಲ್ಲದ ಭಕ್ತಿ ಬರುತ್ತಿತ್ತು. "ಅದು ನನ್ನದೆಲ್ಲಿ ಬಂತಕ್ಕ? ಹೋದ ಸೋಮವಾರವೇ ದೇವರಿಗೆ ಬಿಟ್ಟೆ. ದೇವರ ಎತ್ತು ಯಾರ ಹೊಲಕ್ಕೆ ನುಗ್ಗಿದ್ರೂ ಹೊಡಿಯಂಗಿಲ್ಲ, ಓಡಿಸಂಗಿಲ್ಲ. ಮೇದಷ್ಟೂ ಪುಣ್ಯ ನಿಂಗೇ."

ಓಬಕ್ಕ ಕೋಲು ಕೆಳಗಿಟ್ಟು, ಎತ್ತಿಗೆ ಕೈಮುಗಿದು ಹೋದಳು. ಹೆಂಗಸರನ್ನು ನಂಬಿಸುವುದು ಇಷ್ಟು ಸಲೀಸೇ ಎಂದು ಪಾಲಯ್ಯ ಮೀಸೆಯಲ್ಲೇ ನಕ್ಕ.

ವಾರ ಕಳೆದು ಸಂತೆಯ ದಲ್ಲಾಳಿ ಎತ್ತು ಒಯ್ಯಲು ಟೆಂಪೋ ತಂದ. ಪಾಲಯ್ಯ ಎತ್ತಿಗೆ ಹಗ್ಗ ಹಾಕುವಷ್ಟರಲ್ಲಿ ಓಬಕ್ಕ ಅರಿಶಿನ, ಕುಂಕುಮ, ಉರುಮೆ ವಾದ್ಯದ ಸಮೇತ ಸುತ್ತಲ ಹಟ್ಟಿಗಳ ಜನರನ್ನೆಲ್ಲ ಕರೆದುಕೊಂಡು ಬಂದಳು. ಮುಂದೆ ಪೂಜಾರಿ.

"ಇದು ದೇವರ ಎತ್ತಾ?" ದಲ್ಲಾಳಿ ಹಿಂದೆ ಸರಿದ.

"ಅಯ್ಯೋ, ಅದೇನೋ ಮಾತಿಗೆ ಅಂದಿದ್ದು," ಎಂದ ಪಾಲಯ್ಯ.

ಪೂಜಾರಿ ಕಣ್ಣು ಕೆಕ್ಕರಿಸಿದ. "ಸುಮ್ಕೆ ದೇವರ ಹೆಸರು ಹೇಳಿದ್ದೇನೋ?"

ಪಾಲಯ್ಯ ಹಗ್ಗ ಕೆಳಗೆ ಬಿಟ್ಟ. "ಇಲ್ಲ ಸ್ವಾಮಿ, ಬಿಟ್ಟಿದ್ದು ನಿಜ."

ದಲ್ಲಾಳಿ ಖಾಲಿ ಟೆಂಪೋ ತಿರುಗಿಸಿದ. ಉರುಮೆ ಮೊಳಗಿತು, ಪೂಜೆ ಮುಗಿಯಿತು. ಓಬಕ್ಕ ನೇರ ಹೋಗಿ ಪಾಲಯ್ಯನ ಶೇಂಗಾ ಹೊಲದ ಬೇಲಿಮುಳ್ಳು ಪಕ್ಕಕ್ಕೆ ಎಳೆದು, ಎತ್ತಿನ ಬೆನ್ನು ಸವರಿದಳು.

"ಹೋಗು ನನ್ನಪ್ಪ. ಎಲ್ಲಾ ಪುಣ್ಯನೂ ನಾನೊಬ್ಬಳೇ ಇಟ್ಕೊಂಡ್ರೆ ಚೆಂದಾಗಿರಲ್ಲ."