ಲಿಂಗಪ್ಪನ ಮಾತು ಕೇಳಿದವರು

ಮೊದಲ ಏಟು ರಂಗಸ್ವಾಮಿಯದು. ಕಾಫಿ ಹರಡುವ ಹಲಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದ. ಲಿಂಗಪ್ಪನ ಭುಜದ ಮೇಲೆ ಬಿತ್ತು. ಲಟ್ ಎಂದು ಸದ್ದಾಯಿತು. ಮುರಿದದ್ದು ಹಿಡಿಯೋ ಮೂಳೆಯೋ ಹೊಡೆದವನಿಗೇ ತಿಳಿಯಲಿಲ್ಲ.

ಬೆಳಗಿನ ಹನ್ನೊಂದು ಗಂಟೆ. ಲಿಂಗಪ್ಪನ ಮನೆ ಮುಂದಿನ ಕಣದ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಆಳುಗಳೆಲ್ಲ ಮೇಲಿನ ತೋಟಕ್ಕೆ ಹೋಗಿದ್ದರು. ಅದನ್ನು ನೋಡಿಕೊಂಡೇ ಮೂವರೂ ಬಂದಿದ್ದರು: ರಂಗಸ್ವಾಮಿ, ಜೀಪಿನ ಚಲುವಯ್ಯ, ಪಕ್ಕದ ತೋಟದ ಕರಿಯಪ್ಪ.

“ನಾನು ನಿಮ್ಮ ಒಂದು ಪೈಸೆ ಮುಟ್ಟಿದೀನೇನ್ರೋ?” ಲಿಂಗಪ್ಪ ನೆಲದ ಮೇಲಿಂದಲೇ ಕೂಗಿದ.

“ಮುಟ್ಟಿದ್ರೆ ಒಂದು ಏಟಲ್ಲಿ ಬಿಡ್ತಿದ್ದೆ,” ಎಂದ ರಂಗಸ್ವಾಮಿ. “ನಿನ್ನ ಮಾತು ಕೇಳ್ದೆ ನೋಡು, ಅದಕ್ಕೆ ಇದು.” ಇನ್ನೊಂದು ಏಟು ಮಂಡಿಗೆ ಬಿತ್ತು.

ಲಿಂಗಪ್ಪನ ಮಾತೆಂದರೆ ಆ ಹಳ್ಳಿಯಲ್ಲಿ ಹಾಗೆ ನಡೆಯುತ್ತಿತ್ತು. ಮೂವತ್ತು ವರ್ಷ ಹಾಸನದ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದು, ನಿವೃತ್ತನಾಗಿ ಊರಿಗೆ ಬಂದವನು. ಹಣೆಗೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ದುಡ್ಡಿನ ವಿಷಯ ಬಂದರೆ ಯಾರೇ ಆಗಲಿ ಅವನ ಜಗಲಿ ಹತ್ತುತ್ತಿದ್ದರು.

ಒಂದು ವರ್ಷದ ಹಿಂದೆ, ಎರಡು ಸಾವಿರದ ಏಳರ ಜನವರಿಯಲ್ಲಿ, ಇವರೂ ಹತ್ತಿದ್ದರು. ಕಂಪ್ಯೂಟರಿನಲ್ಲೇ ಡಾಲರು, ಚಿನ್ನ, ಷೇರು ಕೊಂಡು ಮಾರುವ ಹೊಸ ಕಂಪನಿಯೊಂದು ಆಗ ಬಂದಿತ್ತು. ಕಚೇರಿ ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ. ಈ ಕಡೆಗೆ ಅದರ ಏಜೆಂಟ್ ಸಂಜಯ್, ಬಾಳ್ಳುಪೇಟೆಯ ಇಂಟರ್‌ನೆಟ್ ಅಂಗಡಿಯವನು, ಲಿಂಗಪ್ಪನ ಸ್ವಂತ ತಂಗಿಯ ಮಗ. ಲಿಂಗಪ್ಪ ಕಂಪನಿಯ ಕಾಗದಗಳನ್ನು ತರಿಸಿಕೊಂಡು, ಕನ್ನಡಕ ಏರಿಸಿ, ಸಾಲು ಸಾಲಾಗಿ ಓದಿ, ಎಲ್ಲರಿಗೂ ಬಿಡಿಸಿ ಹೇಳಿದ್ದ. ರಂಗಸ್ವಾಮಿಯ ಕೈಯಲ್ಲಿ ಆಗ ಮಗಳ ಮದುವೆಗೆಂದು ಕೂಡಿಟ್ಟ ಎರಡು ಲಕ್ಷವಿತ್ತು. ಲಿಂಗಪ್ಪ ಹೇಳಿದಂತೆಯೇ ಮಾಡಿದ. ಎದುರು ಮಾತಾಡಲಿಲ್ಲ.

ಈ ದಿನ ಬೆಳಿಗ್ಗೆ ಕುಂದೂರಿನಿಂದ ಫೋನ್ ಬಂದಿತ್ತು. ಮಗಳು ಮಾನಸಳನ್ನು ನೋಡಿ ಒಪ್ಪಿದ್ದ ಗಂಡಿನ ಕಡೆಯವರು. ಹುಡುಗನಿಗೆ ಕಾರು ಕೊಡುವ ಮನೆ ಸಿಕ್ಕಿದೆ, ನೀವು ಬೇರೆ ಕಡೆ ನೋಡಿಕೊಳ್ಳಿ ಎಂದರು. ಮಾನಸ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಂಗಸ್ವಾಮಿ ಅಂಗಳದಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಚಲುವಯ್ಯನನ್ನೂ ಕರಿಯಪ್ಪನನ್ನೂ ಕರೆಯಲು ಹೋದ. ಅವರನ್ನು ಒಪ್ಪಿಸುವ ಕಷ್ಟವೇ ಬೀಳಲಿಲ್ಲ.

“ಇನ್ನೊಂದು ತಿಂಗಳು ತಡ್ಕಳ್ರೋ,” ಲಿಂಗಪ್ಪ ಕೈಯೆತ್ತಿ ಅಡ್ಡ ಹಿಡಿದ. “ಎಲ್ಲ ನಿಮಗೇ ಗೊತ್ತಾಗುತ್ತೆ!”

“ವರ್ಷದಿಂದ ಇದೇ ಹೇಳ್ತಿದೀಯ!” ಕರಿಯಪ್ಪ ಎಕ್ಕಡದ ಕಾಲಿಂದಲೇ ಪಕ್ಕೆಗೆ ಒದ್ದ. “ನಿನ್ನ ಅಳಿಯನ ಮನೆ ಮುಂದೆ ಹೊಸ ಕಾರು ನಿಂತೈತೆ. ನಮ್ಮ ಮನೆ ಮುಂದೆ ಏನೈತೆ, ಹೇಳು! ಏನೈತೆ?”

ಸುಲೋಚನಮ್ಮ ಒಳಗಿನಿಂದ ಓಡಿಬಂದು ಗಂಡನ ಮೇಲೆ ಅಡ್ಡ ಬಿದ್ದಳು. “ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲ ಕಣ್ರಪ್ಪಾ! ಹಂಗೇ ಐತೆ!”

“ಹಂಗೇ ಐತಂತೆ, ಕೇಳಿದ್ರಾ,” ಚಲುವಯ್ಯ ನಕ್ಕ. ಅವಳ ರಟ್ಟೆ ಹಿಡಿದು ಎಳೆದು ಕಣದಾಚೆ ನೂಕಿದ. ಅವಳ ಬಳೆ ಒಡೆದು ಅವನ ಅಂಗೈ ಕುಯ್ಯಿತು.

ಆಮೇಲೆ ಯಾರು ಎಷ್ಟು ಹೊಡೆದರೋ ಲೆಕ್ಕವಿಲ್ಲ. ಲಿಂಗಪ್ಪನ ದವಡೆ ಒಂದು ಕಡೆಗೆ ಸರಿಯಿತು. ಬಲಗಣ್ಣು ಮುಚ್ಚಿ ಊದಿಕೊಂಡಿತು. ಮಾತು ನಿಂತು ಬರೀ ಗೊರಗೊರ ಸದ್ದು ಬಂತು. ಕೊನೆಗೆ ಅದೂ ಇಲ್ಲ. ಕೆಂಪು ಹಣ್ಣಿನ ಮೇಲೆ ರಕ್ತ ಚೆಲ್ಲಿದ್ದು ಗೊತ್ತೇ ಆಗುತ್ತಿರಲಿಲ್ಲ. ರಂಗಸ್ವಾಮಿ ಹಿಡಿಯನ್ನು ಬಿಸಾಡಿದ. ಎದೆಯ ಮೇಲಿದ್ದ ಕಲ್ಲು ಇಳಿದಂತೆ ಹಗುರವಾಯಿತು. ಲಿಂಗಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂವರಲ್ಲಿ ಒಬ್ಬನೂ ಬಗ್ಗಿ ನೋಡಲಿಲ್ಲ.

“ಇನ್ನು ಅವನ ಅಳಿಯ,” ಎಂದ ರಂಗಸ್ವಾಮಿ. “ಜೀಪು ತೆಗಿ.”

ದಾರಿಯಲ್ಲಿ ಮೂರು ಮನೆಯ ಮುಂದೆಯೂ ಜೀಪು ನಿಂತಿತು. ರಂಗಸ್ವಾಮಿಯ ಅಂಗಿಯ ರಕ್ತ ಕಂಡು ಹೆಂಡತಿ ಮಾದಮ್ಮನ ಕೈಯ ತಟ್ಟೆ ಜಾರಿತು. ಅವನು ಟ್ರಂಕು ತೆಗೆದು, ಟವೆಲಿನಲ್ಲಿ ಸುತ್ತಿದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ,” ಎಂದಳು ಮಾದಮ್ಮ. “ಅದೊಂದು ಕೆಲಸ ಮಾತ್ರ ಮಾಡಬ್ಯಾಡಿ.”

“ಮಗಳ ಮುಖ ನೋಡ್ಬುಟ್ಟು ಆಮೇಲೆ ಹೇಳು,” ಎಂದು ಅವಳನ್ನು ದಾಟಿ ನಡೆದ.

ಬಾಳ್ಳುಪೇಟೆಯ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಮೂವರೂ ಬಗ್ಗಿ ನುಗ್ಗಿದರು. ಕಂಪ್ಯೂಟರುಗಳ ತಂತಿ ಬಿಚ್ಚಿ ಸುತ್ತಿಟ್ಟಿತ್ತು. ಗೋಡೆಯ ಮೇಲೆ ಕಂಪನಿಯ ಬೋರ್ಡು ಇಲ್ಲ, ಮೊಳೆ ಮಾತ್ರ ಇತ್ತು. ಹೆಗಲಿಗೆ ಬ್ಯಾಗು ಏರಿಸಿಕೊಂಡಿದ್ದ ಸಂಜಯ್ ರಕ್ತ ಕಂಡವನೇ ಗೋಡೆಗೆ ಒರಗಿದ. ತುಟಿ ಬಿಳಚಿಕೊಂಡಿತು.

“ರಂಗಸ್ವಾಮಣ್ಣಾ, ನಂಗೇನೂ ಮಾಡ್ಬೇಡಿ. ಮನೇಲಿ ಸಣ್ಣ ಮಗು ಐತೆ.”

ರಂಗಸ್ವಾಮಿ ಅಂಗಿ ಸರಿಸಿ ಸೊಂಟಕ್ಕೆ ಕೈ ಹಾಕಿದ. ಸಂಜಯ್ ಕಣ್ಣು ಮುಚ್ಚಿಕೊಂಡ.

ಟವೆಲು ಮೇಜಿನ ಮೇಲೆ ಬಿಚ್ಚಿಕೊಂಡಿತು. “ಎರಡು ಲಕ್ಷ ಐತೆ, ಎಣಿಸ್ಕೊ. ಲೈಸೆನ್ಸ್ ಇಲ್ಲದ ಕಂಪನಿ, ಹಾಕ್ಬೇಡಿ ಹಾಕ್ಬೇಡಿ ಅಂತ ನಿಮ್ಮ ಮಾವ ಒಂದು ವರ್ಷ ನಮ್ಮ ಕೈ ಕಟ್ಟಿ ಕೂರಿಸ್ಬುಟ್ಟ. ಇವತ್ತಾದ್ರೂ ನಮ್ಮನ್ನೂ ಸೇರಿಸ್ಕೊ ಮಾರಾಯ.”