ಬಾರದವರ ಸರದಿ

“ಸರದಿ ಇದ್ದೋರು ಇವತ್ತೂ ಬರಲಿಲ್ಲ,” ಎಂದಳು ಮಕ್ಕಳ ಹಲ್ಲಿನ ವಿಭಾಗದ ಗುಮಾಸ್ತೆ. “ನಿನ್ನೆ ಫೋನ್ ಮಾಡಿ ಬರ್ತೀರಲ್ವಾ ಅಂದ್ರೆ ಹೂಂ ಅಂದ್ರು. ಹೋದ ಸಲಾನೂ ಹೀಗೇ.”

ಮಗಳ ಸರದಿ ವಿಚಾರಿಸಲು ಬಂದಿದ್ದ ಮೆಕ್ಯಾನಿಕ್ ಬಾಗಿಲ ಗಾಜಿನಿಂದ ಇಣುಕಿದ. ಆಪರೇಷನ್ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಹಸಿರು ಬಟ್ಟೆ ಮಡಿಕೆ ಮುರಿಯದೆ ಹಾಸಿತ್ತು. ಅರಿವಳಿಕೆ ವೈದ್ಯರು ಕೈಕಟ್ಟಿ ಕೂತಿದ್ದರು. ಆ ಮೇಜಿಗಾಗಿ ಅವನ ಮಗಳು ಬೇಸಿಗೆಯಿಂದ ಕಾಯುತ್ತಿದ್ದಳು.

ಆರು ವರ್ಷದ ಹುಡುಗಿ. ದವಡೆಹಲ್ಲೆಲ್ಲ ಹುಳುಕು. ದಂತವೈದ್ಯೆಯ ಕುರ್ಚಿ ಕಂಡರೆ ಬಾಯಿಗೆ ಬೀಗ. ಪೂರ್ತಿ ನಿದ್ದೆ ಬರಿಸಿ ಒಂದೇ ಸಲಕ್ಕೆ ಎಲ್ಲ ಮುಗಿಸಬೇಕು, ಬೇರೆ ದಾರಿಯಿಲ್ಲ ಎಂದಿದ್ದರು. ಅದಕ್ಕೆ ವಾರದಲ್ಲಿ ಒಂದೇ ಬೆಳಗು. ಸರದಿಯೋ ಹನುಮಂತನ ಬಾಲ. ಅಲ್ಲಿಯವರೆಗೆ ಮಗು ಮೆತ್ತಗಿನದನ್ನಷ್ಟೇ ನುಂಗುತ್ತ, ಕೆನ್ನೆ ಹಿಡಿದುಕೊಂಡೇ ಆಡುತ್ತ, ಆಟದ ನಡುವೆ ಇದ್ದಕ್ಕಿದ್ದಂತೆ ಅಳುತ್ತ ದಿನ ದೂಡುತ್ತಿತ್ತು.

“ಬರಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನೇನೇ ನಿಮ್ಮ ಮಗೂನ ಕರೀತಿದ್ದೆ,” ಎಂದಳು ಗುಮಾಸ್ತೆ.

ಆ ಮಾತು ಮೊಳೆಯ ಹಾಗೆ ಎದೆಗೆ ಇಳಿಯಿತು. ಯಾರವರು ಎಂದು ಕೇಳಿದ. ಹೆಸರು ಹೇಳುವ ಹಾಗಿಲ್ಲವಂತೆ. ಮಾತಾಡಿದ್ದು ಯಾರೋ ಗಂಡಸು, ಬಲು ಅವಸರದವನು, ಅಷ್ಟು ಗೊತ್ತು ಎಂದಳು.

ಅವನಿಗೆ ಅಷ್ಟು ಸಾಕಿತ್ತು. ಅಂದಿನಿಂದ ಆ ಗಂಡಸಿಗೆ ಅವನ ಮನಸ್ಸಿನಲ್ಲಿ ಒಂದು ಮುಖ ಬೆಳೆಯಿತು: ಕೊಬ್ಬಿದ ಕತ್ತು, ಸೋಮಾರಿ ಕಣ್ಣು. ಗ್ಯಾರೇಜಿನಲ್ಲಿ ಕಾರಿನಡಿ ಮಲಗಿ ನಟ್ಟು ತಿರುಗಿಸುವಾಗ ಆ ಕತ್ತನ್ನೇ ತಿರುಗಿಸಿದಂತೆ ತಿರುಗಿಸುತ್ತಿದ್ದ. ನಡುವೆ ಫೋನಿನ ಕಾಟ ಬೇರೆ. ಕೈತುಂಬ ಗ್ರೀಸು, ಮೊಣಕೈಯಿಂದ ಗುಂಡಿ ಒತ್ತಿ, ಆ ಕಡೆಯವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡು ಇಟ್ಟುಬಿಡುತ್ತಿದ್ದ. ಗಾಡಿ ಯಾವಾಗ ಸಿಗುತ್ತೆ ಎಂದು ಪೀಡಿಸುವ ಗಿರಾಕಿಗಳಿಗೆ ಅದೇ ಮದ್ದು. ಇಲ್ಲ ಅಂದರೆ ಹತ್ತು ಮಾತು, ಹೂಂ ಅಂದರೆ ಒಂದೇ. ವರ್ಷದ ಮೊದಲಲ್ಲಿ ಹೊಸ ಸಿಮ್ಮು ಹಾಕಿ ನಂಬರು ಬದಲಾಯಿಸಿದರೂ ಕರೆಗಳು ಕಡಿಮೆಯಾಗಿರಲಿಲ್ಲ. ಆಸ್ಪತ್ರೆಗೆ ಮಾತ್ರ ಹೆಂಡತಿಯ ನಂಬರು ಬರೆಸಿದ್ದ. ಅಲ್ಲಿಂದ ಬರುವ ಕರೆ ತಪ್ಪಬಾರದು ನೋಡಿ.

ಕೊನೆಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಪ್ಪ ಅಮ್ಮಂದಿರನ್ನೆಲ್ಲ ಕಟ್ಟಿಕೊಂಡು ಮೇಲಧಿಕಾರಿಯ ಕೋಣೆಗೆ ನುಗ್ಗಿದ. ಎರಡು ಸಲ ಕೈಕೊಟ್ಟವರ ಹೆಸರು ಹೊಡೆದುಹಾಕಿ ಎಂದು ಪಟ್ಟು ಹಿಡಿದ. ದೊಡ್ಡವರ ತಪ್ಪಿಗೆ ಆ ಮಗು ಏನು ಮಾಡಿತ್ತು ಎಂದು ಅಧಿಕಾರಿ ಕೇಳಿದರು. ನನ್ನ ಮಗು ಏನು ಮಾಡಿತ್ತು ಎಂದು ಇವನು ಕೇಳಿದ. ವಾರ ಕಳೆಯುವುದರೊಳಗೆ ಹೆಸರು ಹೋಯಿತು. ಆ ಜಾಗ ಇವನ ಮಗಳಿಗೇ ಬಂತು. ಪಾಪ, ಆ ಕೂಸು ಎಂದು ಹೆಂಡತಿ ಮರುಗಿದಾಗ, ಉಪ್ಪು ತಿಂದವರು ನೀರು ಕುಡೀಲಿ ಎಂದ. ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಗಿತ್ತು.

ದಿನ ಗೊತ್ತುಮಾಡಿಕೊಳ್ಳಲು ಮಗಳನ್ನು ಎತ್ತಿಕೊಂಡು ಹೋದಾಗ ಕೌಂಟರಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೊಂಟದ ಮೇಲೆ ಪುಟ್ಟ ಮಗ. ಅವನ ಒಂದು ಕೆನ್ನೆ ಬಾತು ಕಣ್ಣೇ ಮುಚ್ಚಿಹೋಗಿತ್ತು. ನಮ್ಮ ಸರದಿ ಇನ್ನೂ ಬಂದಿಲ್ಲವೇ ಎಂದು ಕೇಳುತ್ತಿದ್ದಳು. ಗುಮಾಸ್ತೆ ತಲೆ ತಗ್ಗಿಸಿ, ಎರಡು ಸಲ ಬಂದು ಹೋಯಿತು, ನೀವು ಬಾರದ್ದಕ್ಕೆ ಹೆಸರು ತೆಗೆದಿದ್ದಾರೆ ಎಂದಳು.

ಮೆಕ್ಯಾನಿಕ್ ಕಾಯುತ್ತಿದ್ದ ಗಳಿಗೆ ಇದು. ಗಂಡನ ಬದಲು ಹೆಂಡತಿ ಸಿಕ್ಕಿದ್ದಾಳೆ, ಇರಲಿ. ನಿಮ್ಮ ಮನೆಯವನ ನಾಲಿಗೆಗೆ ಮೂಳೆಯಿಲ್ಲದ್ದಕ್ಕೆ ನನ್ನ ಮಗಳು ತಿಂಗಳುಗಟ್ಟಲೆ ನರಳಿದಳು ಎಂದು ಎಲ್ಲರೆದುರು ಜಾಡಿಸಿದ. ಬೆಂಚಿನವರು ಹೌದೆಂದು ತಲೆಯಾಡಿಸಿದರು.

“ನಮ್ಮನೇಲಿ ಗಂಡಸ್ರೇ ಇಲ್ಲ,” ಎಂದಳು ಆಕೆ ಮೆಲ್ಲಗೆ. “ದುಡ್ಡು ಹಾಕ್ಸೋಕಾಗ್ದೆ ನನ್ನ ನಂಬರು ಯಾವತ್ತೋ ನಿಂತುಹೋಯ್ತು. ಯಾರಾದ್ರೂ ಬಂದು ಹೇಳ್ತಾರೆ ಅಂತ ಕಾಯ್ತಾ ಇದ್ದೆ.”

“ನಿಂತುಹೋದ ನಂಬರಲ್ಲಿ ಮಾತಾಡಿದ್ದು ದೆವ್ವಾನಾ?”

ಬೆಂಚಿನಲ್ಲಿ ಯಾರೋ ನಕ್ಕರು. ಆಕೆಯ ಕಣ್ಣು ತುಂಬಿತು. ಅವನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಗುಮಾಸ್ತೆಯ ಕಡೆ ತಿರುಗಿದ.

“ಅದೇ ನಂಬರಿಗೆ ಈಗ್ಲೇ ಮಾಡಿ. ಯಾರು ಎತ್ತುತ್ತಾರೋ ಎಲ್ಲರೂ ಕೇಳ್ಲಿ.”

ಗುಮಾಸ್ತೆ ಒಂದು ಗಳಿಗೆ ಹಿಂಜರಿದು, ನಂಬರು ಒತ್ತಿದಳು. ಬೆಂಚಿನವರು ಕತ್ತು ಚಾಚಿದರು.

“ಅಪ್ಪಾ,” ಎಂದಳು ಅವನ ತೋಳಿನಲ್ಲಿದ್ದ ಮಗಳು, ಕೆನ್ನೆಯಿಂದ ಕೈ ತೆಗೆಯದೆ, “ನಿನ್ ಜೇಬಲ್ಲಿ ಫೋನು ಹೊಡ್ಕೊತಿದೆ.”